ಐದು ಗಂಟೆಯ ಸ್ವಿಚ್ಚು

“ಥೂ, ನಿನ್ನ ಕೈ ಸೇದಿಹೋಗ! ಯಾವಳೇ ನಿನಗೆ ಮೇನ್ ಸ್ವಿಚ್ ಇಳಿಸು ಅಂದದ್ದು?”

ಹೊಸ ಲ್ಯಾಬಿನ ಫ್ರೀಜರ್ ಬಾಗಿಲು ತೆಗೆದು ನಿಂತಿದ್ದ ವಿಭಾಗದ ಮುಖ್ಯಸ್ಥ ಮೂಗಿಗೆ ಕರ್ಚೀಫು ಒತ್ತಿಕೊಂಡೇ ಬೈಯುತ್ತಿದ್ದ. ಒಳಗಿನ ರಕ್ತದ ಟ್ಯೂಬುಗಳೆಲ್ಲ ಕೆಟ್ಟು ನಾರುತ್ತಿದ್ದವು. ಕರ್ಚೀಫು ಹೊರಗೆ ಬಂದದ್ದು ಆ ನಾತಕ್ಕಲ್ಲ. ಕಸ ಗುಡಿಸುವವರು ಎದುರಾದರೆ ಅದು ಯಾವತ್ತೂ ಅವನ ಮೂಗಿಗೆ ಹೋಗುತ್ತಿತ್ತು. ಅದಕ್ಕೇ ಗುಡಿಸುವವರ ಸಾಲುಮನೆಗಳಲ್ಲಿ ಅವನ ಹೆಸರೇ ಕರ್ಚೀಫು.

“ನೀವೇ ಅಲ್ವಾ ಸಾರ್,” ಅಂದಳು ಗುಡಿಸುವವಳು. “ಐದಕ್ಕೆ ಇಳಿಸ್ಬೇಕು, ಬೆಳಗ್ಗೆ ಏರಿಸ್ಬೇಕು ಅಂತ ರೂಲು. ಒಂದ್ಸಲ ಮರ್ತಿದ್ದಕ್ಕೆ ಹುಡುಗರೆಲ್ಲ ನೋಡೋ ಹಾಗೆ ಬಿಸಿಲಲ್ಲಿ ನಿಲ್ಸಿದ್ರಿ.”

“ಫ್ರೀಜರ್ ಬಂದ್ಮೇಲೂನಾ? ಬುದ್ಧಿ ಬೇಡ್ವಾ?”

“ಬುದ್ಧಿ ನಿಮ್ಮ ಹತ್ರ ಇತ್ತಲ್ಲ ಸಾರ್. ನನ್ನ ಹತ್ರ ಪೊರಕೆ ಇತ್ತು.”

ರಕ್ತ ತುಂಬಿಟ್ಟ ಮೇಲೆ ಆ ಬಾಗಿಲನ್ನು ಒಬ್ಬರೂ ತೆಗೆದು ನೋಡಿರಲಿಲ್ಲ. ಸಂಶೋಧನೆ ಅಂದರೆ ತುಂಬಿಡುವುದು ಅಂತ ತಿಳಿದಿದ್ದರೋ ಏನೋ.

ರಕ್ತ ಸಾಲುಮನೆಯವರದೇ. ಸಣ್ಣ ಕಾಲೇಜಿನಲ್ಲೂ ದೊಡ್ಡ ಸಂಶೋಧನೆ ನಡೆಯಲಿ ಅಂತ ಎಲ್ಲಿಂದಲೋ ದುಡ್ಡು ಬಂದಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಗುಡಿಸುವವರು ಬುತ್ತಿ ಬಿಚ್ಚುತ್ತಿದ್ದ ಕೋಣೆಯನ್ನೇ ಕಿತ್ತುಕೊಂಡು, ಕಿಟಕಿಗೆ ಹಲಗೆ ಬಡಿದು, ತಂಪಿನ ಯಂತ್ರ ಕೂರಿಸಿ ಲ್ಯಾಬು ಅಂದರು. ಬುತ್ತಿ ಮೆಟ್ಟಿಲ ಕೆಳಗೆ ಹೋಯಿತು. ಆಮೇಲೆ ಯಾರ ರಕ್ತ ತೆಳುವಾಗಿದೆ ನೋಡುತ್ತೇವೆ ಅಂತ ಸಾಲುಮನೆಯವರನ್ನು ಕೂರಿಸಿ, ನರ್ಸಮ್ಮನಿಗೆ ಎರಡೆರಡು ಗ್ಲೌಸು ತೊಡಿಸಿ ರಕ್ತ ತೆಗೆಸಿದರು. ಬಿಸ್ಕತ್ತಿನ ಪೊಟ್ಟಣ ಕೈಗೆ ಕೊಡಲಿಲ್ಲ, ಬೆಂಚಿನ ಮೇಲೆ ಎಸೆದರು. ಯಾರದು ತೆಳು, ಯಾರದು ಗಟ್ಟಿ, ಇವತ್ತಿಗೂ ಹೇಳಿಲ್ಲ.

“ನಾಳೆ ದುಡ್ಡು ಕೊಟ್ಟೋರು ನೋಡೋಕೆ ಬರ್ತಾರೆ,” ಅಂದ ಕರ್ಚೀಫು. “ಬೆಳಗ್ಗೆ ನಿಮ್ಮೋರೆಲ್ಲ ಬಂದು ಮತ್ತೆ ರಕ್ತ ಕೊಡ್ಬೇಕು. ಉಸಿರೆತ್ತಿದ್ರೆ ನಿನ್ನ ಮಗಳ ಕೋಟು ಬಿಚ್ಚಿಸ್ತೀನಿ.”

ಗುಡಿಸುವವಳು ತಲೆ ಬಗ್ಗಿಸಿ ಪೊರಕೆ ಎತ್ತಿಕೊಂಡಳು. ಮಗಳು ಅದೇ ಕಾಲೇಜಿನಲ್ಲಿ ಓದುತ್ತಿದ್ದಳು. ಪರೀಕ್ಷೆ ಬರೆದು ಲ್ಯಾಬಿಗೆ ಆಯ್ಕೆಯಾದಾಗ ಸಿಕ್ಕಿದ ಬಿಳಿ ಕೋಟನ್ನು ತಾಯಿ ವಾರವಾರ ಒಗೆಯುತ್ತಿದ್ದಳು. ಮಿಕ್ಕ ಹುಡುಗಿಯರ ಕೋಟಿನ ಮೇಲೆ ಬಣ್ಣಬಣ್ಣದ ಕಲೆ. ಇವಳದರ ಮೇಲೆ ಬರೀ ಸೋಪಿನ ನೊರೆ. ಗಾಜು ತೊಳೆಯುವುದು ಬಿಟ್ಟರೆ ಬೇರೇನನ್ನೂ ಮುಟ್ಟಗೊಟ್ಟಿರಲಿಲ್ಲ. “ನಿಮಗೆ ರೂಢಿ ಇರುತ್ತಲ್ಲಮ್ಮ,” ಅಂದಿದ್ದನಂತೆ ಕರ್ಚೀಫು.

ಸಂಜೆ ಸಾಲುಮನೆಯಲ್ಲಿ ಸುದ್ದಿ ಕೇಳಿ ಅವಳ ಅತ್ತೆ ನಕ್ಕಳು.

“ಅಲ್ಲ ಕಣೇ, ನಮ್ಮ ರಕ್ತ ಏನು ನಲ್ಲಿ ನೀರಾ, ತಿರುಗಿಸಿದಾಗೆಲ್ಲ ಬರೋಕೆ? ಕೊಟ್ಟಿದ್ದನ್ನ ಕೊಳೆಸಿದ್ದಾನೆ ಬೋಳಿಮಗ. ತಿಗಣೆನಾದ್ರೂ ಹೀರಿದ್ದನ್ನ ಹೊಟ್ಟೆಗೆ ಹಾಕ್ಕೊಳ್ಳುತ್ತೆ.”

“ಮಗೂದು ಕೋಟು, ಅತ್ತೆ…”

“ಗೊತ್ತು ಬಿಡೇ. ಬರ್ತೀವಿ.” ಮುದುಕಿ ಆಗಲೇ ತೋಳು ತಿಕ್ಕಿಕೊಳ್ಳುತ್ತಿದ್ದಳು.

ಬೆಳಗ್ಗೆ ಸಾಲುಮನೆಗೆ ಸಾಲುಮನೆಯೇ ಬಂದು ತೋಳು ಚಾಚಿತು. ಮಧ್ಯಾಹ್ನ ಮಗಳು ಮೆಟ್ಟಿಲ ಕೆಳಗೆ ಬಂದು ತಾಯಿಯ ಪಕ್ಕ ಕೂತಳು. ಬುತ್ತಿ ಮುಟ್ಟಲಿಲ್ಲ.

“ಅಮ್ಮ, ಇವತ್ತು ನನಗೆ ಕೆಲಸ ಕೊಟ್ರು.”

“ಹೌದಾ ಕಂದ? ಏನು ಕೆಲಸ?”

“ಹೊಸ ಟ್ಯೂಬಿಗೆ ಹಳೇ ತಾರೀಕಿನ ಚೀಟಿ ಅಂಟಿಸೋದು. ಅಜ್ಜಿ ರಕ್ತಕ್ಕೆ ನಾನೇ ಸುಳ್ಳು ಚೀಟಿ ಅಂಟಿಸಿದೆ. ಈ ಕೋಟು ಹಾಕ್ಕೊಂಡು ಮಾಡಿದ ಮೊದಲನೇ ಕೆಲಸ.”

ತಾಯಿ ಎತ್ತಿದ ತುತ್ತು ಕೆಳಗಿಟ್ಟಳು.

“ಮೈಯೆಲ್ಲ ತುರಿಸ್ತಿದೆ ಅಮ್ಮ,” ಅಂದಳು ಮಗಳು.

ದುಡ್ಡು ಕೊಟ್ಟವರು ಹೊಟ್ಟೆ ಬಿರಿಯ ಉಂಡು, ಹೊತ್ತು ಇಳಿದ ಮೇಲೆ ಲ್ಯಾಬಿಗೆ ಬಂದರು. ಯಂತ್ರಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಅವತ್ತೇ ತೆಗೆದಿದ್ದರು. ಕರ್ಚೀಫು ಫ್ರೀಜರ್ ಬಾಗಿಲನ್ನು ಅಗಲಕ್ಕೆ ತೆಗೆದು ಟ್ಯೂಬುಗಳ ಸಾಲು ತೋರಿಸಿದ. ಬಂದವರಲ್ಲಿ ಹಿರಿಯನೊಬ್ಬ, ಮೂಲೆಯಲ್ಲಿ ಕೋಟು ತೊಟ್ಟು ನಿಂತಿದ್ದ ಮಗಳನ್ನು ಕೇಳಿದ: “ನೀನೇನಮ್ಮ ಮಾಡ್ತೀಯ ಇಲ್ಲಿ?”

ಅವಳು ಬಾಯಿ ತೆಗೆಯುವ ಮೊದಲೇ ಕರ್ಚೀಫು ಹೇಳಿದ: “ಕಸ ಗುಡಿಸೋಳ ಮಗಳು ಸಾರ್. ನಾವೇ ಮೇಲಕ್ಕೆತ್ತಿದೀವಿ. ಇಂಥೋರ ರಕ್ತವೂ ವಿಜ್ಞಾನಕ್ಕೆ ಉಪಯೋಗಕ್ಕೆ ಬಂತು ನೋಡಿ.”

ಎಲ್ಲರೂ ನಕ್ಕರು. ಹಿರಿಯ ಶಹಬ್ಬಾಸ್ ಅಂತ ಫ್ರೀಜರಿನ ಬೆನ್ನು ತಟ್ಟಿದ.

ಪೊರಕೆ ಹಿಡಿದು ಬಾಗಿಲಾಚೆ ನಿಂತಿದ್ದ ತಾಯಿ ಗಡಿಯಾರ ನೋಡಿದಳು. ಐದು. ಪೊರಕೆಯನ್ನು ಗೋಡೆಗೆ ಒರಗಿಸಿ, ಮೊಗಸಾಲೆಯ ಬೋರ್ಡಿನ ಹತ್ತಿರ ಹೋಗಿ, ಮೇನು ಇಳಿಸಿದಳು.

ಕಿಟಕಿ ಮುಚ್ಚಿದ ಲ್ಯಾಬು ಗವಿಯಾಯಿತು. ಯಂತ್ರಗಳ ಗುಂಯ್ ಅನ್ನುವ ಸದ್ದು ಒಂದೊಂದಾಗಿ ಸತ್ತಿತು.

“ಯಾವಳೇ ಅದು! ಹಾಕೇ ಸ್ವಿಚ್ಚು!” ಕರ್ಚೀಫು ಎಡವುತ್ತ ಹೊರಗೆ ಬಂದ. ಹಿಂದೆಯೇ ಮಿಕ್ಕವರು.

“ಐದಾಯ್ತು ಸಾರ್. ರೂಲು.”

“ನಿನ್ನ ಮಗಳ ಕೋಟು—”

“ತಗೊಳ್ಳಿ ಸಾರ್.” ಮಗಳು ಹಿಂದಿನಿಂದ ಬಂದು ಕೋಟನ್ನು ಅವನ ಹೆಗಲ ಮೇಲೆ ಹಾಕಿದಳು. ಹಿರಿಯನ ಕಡೆ ತಿರುಗಿದಳು. “ಏನು ಮಾಡ್ತೀಯ ಅಂದ್ರಲ್ಲ ಸಾರ್. ಇವತ್ತು ಬೆಳಗ್ಗೆ ತೆಗೆದ ರಕ್ತಕ್ಕೆ ಹಳೇ ಚೀಟಿ ಅಂಟಿಸಿದೀನಿ. ಅಂಟಿಸು ಅಂದಿದ್ದು ಇವರು.”

ಹೇಳಿ ಬಂದು ತಾಯಿಯ ಪಕ್ಕ ನಿಂತಳು. ಬೋರ್ಡು ಅವರ ಬೆನ್ನ ಹಿಂದೆ. ದೀಪ ಬೇಕಾದರೆ ಅವರನ್ನು ಮುಟ್ಟಿ ಪಕ್ಕಕ್ಕೆ ಸರಿಸಬೇಕು. ಕರ್ಚೀಫು ಕೈ ಮುಂದೆ ಮಾಡಿದ. ಅರ್ಧಕ್ಕೇ ನಿಲ್ಲಿಸಿ ಬಂದವರ ಮುಖ ನೋಡಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಯಾರಾದ್ರೂ ಗ್ಲೌಸ್ ತನ್ರೋ,” ಅಂದಿತು ಹಿಂದಿನಿಂದ ಒಂದು ದನಿ.

ಗ್ಲೌಸಿನ ಪೆಟ್ಟಿಗೆ ಕತ್ತಲೊಳಗಿತ್ತು. ಅಲ್ಲೇ, ಬಾಗಿಲು ತೆರೆದೇ ಇದ್ದ ಫ್ರೀಜರಿನಿಂದ ತೊಟ್ಟಿಕ್ಕುವ ಸದ್ದು ಶುರುವಾಗಿತ್ತು.