ಊದಿದ ಕಾಲು

ಬೆಳಿಗ್ಗೆ ಹತ್ತೂಕಾಲಿಗೆ ಸುಮಲತಳ ರಕ್ತದೊತ್ತಡ 162/110 ಇತ್ತು. ಬಸುರಿಗೆ ಮೂವತ್ತೆರಡು ವಾರ ತುಂಬಿತ್ತು.

ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಶಶಿರೇಖ ಮಾತ್ರೆ ನುಂಗಿಸಿ ಹೇಳಿದರು: “ಸಂಜೆಯೊಳಗೆ ಇಳೀಬೇಕು. ಇಳೀದಿದ್ರೆ ಕೋಲಾರಕ್ಕೆ ಕಳಿಸ್ತೀನಿ. ಅಲ್ಲಿ ಮಗೂನ ಅವಧಿಗೆ ಮುಂಚೇನೇ ತೆಗೀಬೇಕಾಗುತ್ತೆ.”

“ಬದುಕ್ತದಾ?” ಎಂದಳು ಸುಮಲತ.

“ಬದುಕಬಹುದು. ಇನ್ನೂ ಕೆಲವು ವಾರ ಒಳಗಿದ್ರೆ ಒಳ್ಳೇದು.”

ಅತ್ತೆ ಮುನಿನಾರಾಯಣಮ್ಮ ಮಂಚದ ಕಂಬಿ ಹಿಡಿದು ನಿಂತಿದ್ದರು. ಕ್ಯಾಸಂಬಳ್ಳಿ ಹತ್ತಿರದ ಊರಲ್ಲಿ ಮೂವತ್ತು ವರ್ಷದಿಂದ ಸೀಮೆಹಸು ಸಾಕಿದವರು. ಈಯುವ ಮುಂಚೆ ಹಸುವಿನ ಕೆಚ್ಚಲು ಊದಿ, ಊತ ಹೊಟ್ಟೆಯಡಿಗೂ ಹರಡಿದರೆ ಒಳ್ಳೆಯ ಹಾಲಿನ ಲಕ್ಷಣವೆಂದು ಹಿಗ್ಗುವವರು. ಸೊಸೆಯ ಪಾದ, ಮುಖ ಊದಿದಾಗಲೂ ಹಾಗೆಯೇ ಹಿಗ್ಗಿ, ಪಕ್ಕದ ಮನೆಯವರನ್ನು ಕರೆದು ತೋರಿಸಿದ್ದರು.

“ನಾನೇ ಕೆಡಿಸ್ಬುಟ್ಟೆ. ಬಿ.ಪಿ. ಊತಾನ ಒಳ್ಳೇ ಊತ ಅಂದ್ಕಂಡೆ ಕಣಮ್ಮ” ಎಂದರು.

ಪಕ್ಕದ ಮಂಚದಲ್ಲಿ ಚಿನ್ನದ ಗಣಿ ಊರಾದ ಚಾಂಪಿಯನ್ ರೀಫ್ಸ್‌ನ ಕಲಾ. ತಮಿಳು ಮನೆಮಾತಿನ ಬಸುರಿ, ಅವಳಿಗೂ ಬಿ.ಪಿ.ಯೇ. “ಏನ್ ಪಾಟ್ಟೀ, ಸೊಸೆ ಹಾಲು ಕರೆದು ಡೈರಿಗೆ ಹಾಕೋ ಪ್ಲಾನಾ?” ಎಂದು ಅಜ್ಜಿಯನ್ನು ರೇಗಿಸಿದಳು.

“ಸುಮ್ಕಿರಮ್ಮಿ. ಎತ್ತಿಗೆ ಕಟ್ಟೋ ಬಾಯಿಕುಕ್ಕೆ ತಂದು ನಿಂಗ್ ಆಕ್ತೀನಿ.”

ಸುಮಲತ ನಗಲಿಲ್ಲ. ತೋಳಿನ ಪಟ್ಟಿ ಬಿಗಿಯಾದಾಗಲೆಲ್ಲ ಉಸಿರು ಹಿಡಿಯುತ್ತಿದ್ದಳು. ಕೊನೆಗೆ ಬಾಯಿಬಿಟ್ಟಳು: “ಅತ್ತೆ, ಬೆಳಗಿಂದ ಮಗು ಒದ್ದೇ ಇಲ್ಲ.”

ನರ್ಸ್ ಸುಕನ್ಯ ತಕ್ಷಣ ಮಗುವಿನ ಎದೆಬಡಿತ ಕೇಳಿಸುವ ಪುಟ್ಟ ಯಂತ್ರ ತಂದು, ಹೊಟ್ಟೆಗೆ ಜೆಲ್ ಸವರಿ ಒತ್ತಿ ಹಿಡಿದರು. ಬರೀ ಗರಗರ. ಎಡಕ್ಕೆ ಸರಿಸಿದರು. ಆಗಲೂ ಅದೇ. ಇನ್ನೂ ಸ್ವಲ್ಪ ಕೆಳಗೆ ಬಂದಾಗ ಸಿಕ್ಕಿತು. ನಿಲ್ಲದೆ, ಎಡವದೆ, ಭಾರಿ ವೇಗದಲ್ಲಿ ಬಡಿಯುವ ಸದ್ದು.

“ನೂರ ನಲವತ್ತೆರಡು. ಚೆನ್ನಾಗಿದೆ. ಮಲಗಿತ್ತೇನೋ” ಎಂದರು ಸುಕನ್ಯ.

ಮುನಿನಾರಾಯಣಮ್ಮ ತಮ್ಮ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡರು. ಎಷ್ಟೋ ಕರುಗಳನ್ನು ತಮ್ಮ ಕೈಯಿಂದಲೇ ಎಳೆದು ಹೊರತಂದಿದ್ದರು. ಒಳಗಿರುವಾಗ ಯಾವುದರ ಎದೆಯನ್ನೂ ಕೇಳಿರಲಿಲ್ಲ.

“ಅಬ್ಬಬ್ಬಾ, ನನ್ದು ಇದ್ರ ಅರ್ಧಾನೂ ಓಡಲ್ಲ. ಯಾರೂ ಏಳ್ಕೊಡ್ದೆ, ಆ ಕತ್ತಲಾಗೆ ಒಂದೇ ಇಂಗೆ ಓಡ್ತೈತಾ?”

ಕಲಾ ಎದ್ದು ಕೂತಿದ್ದಳು. ವಾರ್ಡಿನ ಆ ತುದಿಯಲ್ಲಿ ಫೋನಿನಲ್ಲಿ ಜಗಳವಾಡುತ್ತಿದ್ದ ಹೆಂಗಸೂ ಮಾತು ನಿಲ್ಲಿಸಿದಳು.

“ತೆಗೀಬೇಡಿ ಸಿಸ್ಟರ್, ಇನ್ನೊಂದ್ ಸ್ವಲ್ಪ” ಎಂದಳು ಸುಮಲತ. ಕಣ್ಣು ಮುಚ್ಚಿದ್ದಳು. ಹಿಡಿದಿದ್ದ ಉಸಿರು ಉದ್ದಕ್ಕೆ ಹೊರಬಂತು. ಸ್ವಲ್ಪ ಹೊತ್ತಿಗೆ ನಿದ್ದೆ ಹೋದಳು. ಅತ್ತೆ ಅವಳ ಹೊಟ್ಟೆಯ ಬಳಿ ಕೈ ಒಯ್ದು, ಮುಟ್ಟಲು ಅಂಜಿ ಹಿಂದಕ್ಕೆ ತೆಗೆದುಕೊಂಡರು.

ಸಂಜೆ ಐದಕ್ಕೆ ಒತ್ತಡ 142/92.

“ಸದ್ದು ಕೇಳಿದ್ದಕ್ಕಾ ಮೇಡಂ?” ಎಂದಳು ಕಲಾ.

“ಮಾತ್ರೆಯಿಂದ” ಎಂದರು ಶಶಿರೇಖ. ಸುಮಲತಳ ತೋಳಿನ ಪಟ್ಟಿ ಬಿಚ್ಚುತ್ತ, “ನಿದ್ದೇನೂ ಬೇಕಾಗಿತ್ತು.”

ಅಂದು ಸುಮಲತಳನ್ನು ಕೋಲಾರಕ್ಕೆ ಕಳಿಸಲಿಲ್ಲ. ಮೂವತ್ತೇಳನೇ ವಾರದಲ್ಲಿ ಅವಳಿಗೆ ಹೆಣ್ಣು ಮಗುವಾಯಿತು. ತೂಕ ಎರಡು ಕಿಲೋ ಮುನ್ನೂರು ಗ್ರಾಂ.