ಹಿತ್ತಲಿನ ಕಪ್ಪು ಮಣ್ಣು

ಆ ನಿವೇಶನವನ್ನು ಆರಿಸಿದ್ದು ಸೊಸೆ. ಗಂಡನಿಗೆ ತನ್ನ ಕ್ಷೌರದಂಗಡಿಯ ಹತ್ತಿರ ಒಂದು ಜಾಗ ಇಷ್ಟವಾಗಿತ್ತು, ಅತ್ತೆಗೆ ಮಗಳ ಮನೆಯ ಪಕ್ಕದ್ದು. ಇಬ್ಬರ ಮನಸ್ಸನ್ನೂ ಅಲ್ಲಿಂದ ತಿರುಗಿಸಿ, ಹಟ ಹಿಡಿದು, ಶಾಲೆಯ ಮೈದಾನದ ಎದುರಿನ ಈ ಮೂಲೆಯ ಜಾಗವನ್ನೇ ಕೊಳ್ಳುವಂತೆ ಮಾಡಿದವಳು ಅವಳು. ಸಮವಸ್ತ್ರ ಹೊಲಿಯುವ ಕೆಲಸ ಅವಳದು. ಇಲ್ಲಿ ಬೆಳಗಿನಿಂದ ಸಂಜೆಯವರೆಗೂ ಬೆಳಕು ಬೀಳುತ್ತಿತ್ತು. ಈಗಿದ್ದ ಬಾಡಿಗೆ ಮನೆಯಲ್ಲಿ ಹಾಡುಹಗಲೇ ದೀಪ ಹಾಕಿಕೊಂಡು ಸೂಜಿಗೆ ದಾರ ಪೋಣಿಸಬೇಕಿತ್ತು. ಸಾಲದ್ದಕ್ಕೆ ಅದರ ಹಿಂದಿನ ಗೋಡೆ ವರ್ಷದಿಂದ ವರ್ಷಕ್ಕೆ ಬಾಯಿ ಬಿಡುತ್ತಿತ್ತು. ಬಚ್ಚಲಿನ ಬಾಗಿಲು ಮುಚ್ಚಲು ಭುಜ ಕೊಡಬೇಕು, ತೆಗೆಯಲು ಕಾಲು ಕೊಡಬೇಕು. ಒಮ್ಮೆ ಅತ್ತೆ ಒಳಗೇ ಸಿಕ್ಕಿಬಿದ್ದು, ಬಡಗಿ ಬರುವವರೆಗೂ ಅಲ್ಲಿಂದಲೇ ಮನೆಯವರನ್ನೆಲ್ಲ ತರಾಟೆಗೆ ತೆಗೆದುಕೊಂಡಿದ್ದರು.

ಜಾಗ ಕೈಗೆ ಬಂದ ಮೇಲೆ, ಬೇಲಿ ಹಾಕಿಸುತ್ತಿದ್ದ ದಿನ, ಪಕ್ಕದ ಮನೆಯ ಮುದುಕರೊಬ್ಬರು ಸೊಸೆಯ ಹತ್ತಿರ ಬಂದು ನಿಂತರು. ಮಳೆಯಿರಲಿ ಇಲ್ಲದಿರಲಿ ಛತ್ರಿ ಬಿಚ್ಚಿಕೊಂಡೇ ಓಡಾಡುತ್ತಿದ್ದುದರಿಂದ ಬೀದಿಯವರಿಗೆಲ್ಲ ಅವರು ಛತ್ರಿ ಮಾವ.

"ಹೇಳ್ಬಾರ್ದು ಅನ್ಕೊಂಡಿದ್ದೆ ಕಣಮ್ಮ," ಎಂದರು. "ನಾನು ಈ ಕಡೆ ಬಂದ ಹೊಸದ್ರಲ್ಲಿ ಇಲ್ಲಿ ನೀರು ನಿಂತಿರ್ತಿತ್ತು. ಕಪ್ಪೆ ಕೂಗ್ತಿದ್ವು. ಕೆರೆನೋ ಏನೋ. ಆಮೇಲೆ ಯಾರೋ ಮಣ್ಣು ಸುರಿದು ಮುಚ್ಚಿದ್ರು."

"ಕೊಳ್ಳೋಕೆ ಮುಂಚೆ ಹೇಳ್ಬಾರ್ದಿತ್ತಾ ಮಾವ?"

"ನೀವು ಕೇಳ್ಲೇ ಇಲ್ವಲ್ಲ!"

ಅಂದಿನಿಂದ ಅವಳಿಗೆ ಅನ್ನ ಗಂಟಲಲ್ಲಿ ಇಳಿಯದಾಯಿತು. ಗಂಡ ಅಂಗಡಿಯಲ್ಲಿ ಸುದ್ದಿ ಎತ್ತಿದ್ದೇ ತಡ, ಕುರ್ಚಿಯ ಮೇಲೆ ಕೂತವರೆಲ್ಲ ಎಂಜಿನಿಯರ್‌ಗಳಾದರು. ಕಲ್ಲು ತುಂಬಿಸು ಎಂದ ಒಬ್ಬ. ಮಾರಿಬಿಡು ಎಂದ ಇನ್ನೊಬ್ಬ. ಊರಲ್ಲಿ ಯಾರು ಮಣ್ಣು ನೋಡಿ ಮನೆ ಕಟ್ಟಿದ್ದಾರೆ, ಬಿದ್ದು ಹೋದವಾ ಎಂದ ಮತ್ತೊಬ್ಬ. ಗಂಡನಿಗೆ ಹಿಡಿಸಿದ್ದು ಆ ಕೊನೆಯ ಮಾತು.

"ಅಡಿಪಾಯ ಸ್ವಲ್ಪ ಆಳ ತೆಗೆಸಿದ್ರಾಯ್ತು ಬಿಡು," ಎಂದ.

"ಎಷ್ಟು ಆಳ? ಕೆಳಗೆ ಏನಿದೆ ಅಂತ ಗೊತ್ತಿಲ್ದೆ ಹೇಗೆ ಹೇಳ್ತೀರಾ? ತಲೆ ನೋಡ್ದೆ ಕತ್ತರಿ ಆಡಿಸ್ತೀರಾ ನೀವು?"

ಮಾರನೆಯ ದಿನ ಗಂಡ ತಾನೇ ಹೋಗಿ ಮಣ್ಣು ಪರೀಕ್ಷೆ ಮಾಡುವವರನ್ನು ಗೊತ್ತುಮಾಡಿಕೊಂಡು ಬಂದ.

ಬಂದದ್ದು ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡ ಒಬ್ಬ ಎಂಜಿನಿಯರ್ ಹೆಂಗಸು. ಜೊತೆಗೆ ಇಬ್ಬರು ಆಳುಗಳು, ಮುಕ್ಕಾಲಿಯಂಥ ಕಂಬಗಳು, ತುದಿಯಲ್ಲಿ ಮಣ್ಣು ಹಿಡಿಯುವ ಕೊಳವೆಯಿದ್ದ ಕಬ್ಬಿಣದ ಸಲಾಕೆಗಳು, ಒಂದು ಭಾರದ ಗುಂಡು. ಗುಂಡನ್ನು ಹಗ್ಗದಿಂದ ಮೇಲೆಳೆದು ಸಲಾಕೆಯ ತಲೆಯ ಮೇಲೆ ಬಿಡುವುದು. ಸಲಾಕೆ ಒಂದು ಗೇಣು ಇಳಿಯಲು ಎಷ್ಟು ಪೆಟ್ಟು ಬೇಕೋ ನೆಲ ಅಷ್ಟು ಗಟ್ಟಿ. ಆಕೆ ಇಷ್ಟನ್ನು ಹೇಳಿ, "ಅಡುಗೆಮನೆ ಎಲ್ಲಿ ಬರತ್ತೆ?" ಎಂದು ಕೇಳಿದರು. ಅತ್ತೆ ಹಿತ್ತಲಿನ ಕಡೆ ಕೈ ತೋರಿಸಿದರು. ಮೊದಲ ಗುಳಿ ಅಲ್ಲೇ.

ಪೆಟ್ಟೇ ಬೇಕಾಗಲಿಲ್ಲ. ಗುಂಡನ್ನು ಮೇಲಿಟ್ಟ ಭಾರಕ್ಕೇ ಸಲಾಕೆ ಸರ್ರನೆ ಇಳಿಯಿತು. ಮೇಲೆಳೆದ ಕೊಳವೆಯಿಂದ ಕಪ್ಪು ರಾಡಿ ಲೊಳಕ್ಕನೆ ಬಿತ್ತು. ಅದರಲ್ಲಿ ಇಟ್ಟಿಗೆಯ ಚೂರು, ಬಟ್ಟೆಯ ಚಿಂದಿ, ಚಪ್ಪಲಿಯ ಒಂದು ತುಂಡು. ಕೊಳೆತ ನೀರಿನ ನಾತ. ಬೇಲಿಯಾಚೆ ನಿಂತಿದ್ದ ಛತ್ರಿ ಮಾವ, "ನಾನು ಹೇಳ್ಲಿಲ್ವಾ?" ಎಂದು ಛತ್ರಿಯನ್ನು ಇನ್ನೊಂದು ಕೈಗೆ ಬದಲಾಯಿಸಿದರು.

ಸೊಸೆ ಕಲ್ಲುರಾಶಿಯ ಮೇಲೆ ಕುಸಿದು ಕೂತಳು. ಅತ್ತೆ ಹತ್ತಿರ ಬಂದಾಗ ಬೈಗುಳಕ್ಕೆ ಸಿದ್ಧಳಾಗಿಯೇ ಇದ್ದಳು.

"ನಾನೇ ಹಟ ಮಾಡಿದ್ದು, ಅತ್ತೆ. ನಿಮ್ಮ ಮಾತು ಕೇಳ್ಬೇಕಿತ್ತು."

"ಕಾಗದಕ್ಕೆ ನಾನೂ ರುಜು ಹಾಕಿದೀನಿ. ನನ್ನ ಕೈ ಹಿಡ್ಕೊಂಡು ಹಾಕಿಸಿದ್ಯೇನು ನೀನು?" ಎಂದರು ಅತ್ತೆ. "ಜಾಗ ನನಗೂ ಹಿಡಿಸಿತ್ತು. ನಿನ್ನೆದುರು ಒಪ್ಕೊಳ್ಳೋಕೆ ಬಿಗುಮಾನ, ಅಷ್ಟೇ. ಏಳು, ಪಾಪ ದುಡೀತಿದ್ದಾರೆ, ಅವರಿಗೆ ಟೀ ತರೋಣ."

ಮದುವೆಯಾಗಿ ಬಂದಾಗಿನಿಂದ ಅತ್ತೆಯ ಬಾಯಲ್ಲಿ ಅವಳು ಇಂಥ ಮಾತು ಕೇಳಿದ್ದಿಲ್ಲ. ಕಣ್ಣೊರೆಸಿಕೊಂಡು ಎದ್ದಳು.

ಟೀ ತೆಗೆದುಕೊಂಡು ಬರುವಷ್ಟರಲ್ಲಿ ಎರಡನೆಯ ಗುಳಿ ನಡುಭಾಗದಲ್ಲಿ ಶುರುವಾಗಿತ್ತು. ಸದ್ದೇ ಬೇರೆ. ಸ್ವಲ್ಪ ಹೊತ್ತು ದಬ್ ದಬ್ ಎನ್ನುತ್ತಿದ್ದದ್ದು ಇದ್ದಕ್ಕಿದ್ದಂತೆ ಠಣ್ ಎಂದಿತು. ಆಳುಗಳು ಹಗ್ಗ ಎಳೆದೆಳೆದು ಬೆವತರೂ ಸಲಾಕೆ ಜಗ್ಗಲಿಲ್ಲ. ರಸ್ತೆಯ ಕಡೆ ತೋಡಿದ ಮೂರನೆಯದರಲ್ಲಿ ಮೇಲಿನಿಂದಲೇ ಗಟ್ಟಿ ನೆಲ, ಹರಳು ಹರಳಾದ ಕೆಂಪು ಮಣ್ಣು. ಎಂಜಿನಿಯರ್ ಒಂದು ಚಿಟಿಕೆ ತೆಗೆದು, ನೀರು ಚಿಮುಕಿಸಿ, ಅಂಗೈಯಲ್ಲಿ ಹೊಸೆಯತೊಡಗಿದರು.

"ಏನು ಮಾಡ್ತಿದೀರಾ?" ಎಂದಳು ಸೊಸೆ.

"ದಾರ ಆಗತ್ತಾ ನೋಡ್ತಿದೀನಿ. ದಾರ ಆಗೋ ಮಣ್ಣು ನೀರು ಕುಡಿದ್ರೆ ಉಬ್ಬತ್ತೆ, ಒಣಗಿದ್ರೆ ಕುಗ್ಗತ್ತೆ. ಗೋಡೆ ಬಿರುಕು ಬಿಡೋದು ಅದಕ್ಕೇ."

ಹುಟ್ಟಿದಾಗಿನಿಂದ ದಾರದ ಜೊತೆಯೇ ಬದುಕಿದವಳು, ದೇವರೇ ದಾರ ಬಾರದಿರಲಿ ಎಂದು ಉಸಿರು ಬಿಗಿಹಿಡಿದು ನೋಡಿದಳು. ಮಣ್ಣು ಪುಡಿಪುಡಿಯಾಗಿ ಬೆರಳ ಸಂದಿಯಿಂದ ಉದುರಿತು.

"ಹಾಗಾದ್ರೆ ಒಳ್ಳೇದಾ?" ಎಂದ ಗಂಡ.

"ಪರೀಕ್ಷೆ ಮುಗೀಲಿ, ಆಮೇಲೆ ಹೇಳ್ತೀನಿ," ಎಂದು ಆಕೆ ಮಣ್ಣನ್ನು ಚೀಲಗಳಿಗೆ ತುಂಬಿ ಬಾಯಿ ಕಟ್ಟಿದರು. ಹೋಗುವ ಮುನ್ನ ಕೈ ಬೈರಿಗೆಯಿಂದ ಹಿತ್ತಲಿನುದ್ದಕ್ಕೂ ಅಲ್ಲಲ್ಲಿ ಸಣ್ಣ ತೂತು ಕೊರೆದು, ಕಪ್ಪು ಮಣ್ಣು ಎಲ್ಲಿಗೆ ಮುಗಿಯುತ್ತದೆಂದು ಗೂಟ ನೆಟ್ಟರು.

ಕಾಯುವ ಆ ದಿನಗಳಲ್ಲಿ ಯಾರ ಕೈಯೂ ಹಿಡಿತದಲ್ಲಿರಲಿಲ್ಲ. ಅವಳು ಅಂಗಿಗಳಿಗೆ ಕಾಲರನ್ನು ತಿರುವುಮುರುವಾಗಿ ಹೊಲಿದು ಬಿಚ್ಚಿದಳು. ಗಂಡ ಗಿರಾಕಿಯೊಬ್ಬನ ಮೀಸೆಯ ಒಂದು ತುದಿಯನ್ನು ಹೆಚ್ಚು ಕತ್ತರಿಸಿ, ಸರಿಮಾಡಲು ಹೋಗಿ, ಕಡೆಗೆ ಮೀಸೆಯನ್ನೇ ಇಲ್ಲವಾಗಿಸಿದ. ಆ ಮನುಷ್ಯ ಒಂದು ವಾರ ಅಂಗಡಿಯ ಮುಂದೆ ಮುಖ ತಿರುಗಿಸಿಕೊಂಡು ಓಡಾಡಿದ.

ಕರೆ ಬಂದಾಗ ಮೂವರೂ ಹೋದರು. ಎಂಜಿನಿಯರ್ ಕೋಣೆಯ ತುಂಬ ತಟ್ಟೆಗಳಲ್ಲಿ ಮಣ್ಣು ಒಣಗುತ್ತಿತ್ತು. ಅತ್ತೆ ಸೆರಗು ಮಣ್ಣಿಗೆ ತಾಗದಂತೆ ಒತ್ತಿಹಿಡಿದು ಕುರ್ಚಿಯ ತುದಿಯಲ್ಲಿ ಕೂತರು.

"ಅದು ಕೆರೆ ಅಲ್ಲ," ಎಂದರು ಆಕೆ. "ಇಟ್ಟಿಗೆಗೆ ಮಣ್ಣು ತೆಗೆದ ಹಳೇ ಗುಂಡಿ ಇರ್ಬೇಕು. ಅರೆ ಬೆಂದ ಇಟ್ಟಿಗೆ ಬೇಕಾದಷ್ಟು ಸಿಕ್ತು. ಹಿಂದಿನ ಭಾಗದಲ್ಲಿ ಮಾತ್ರ. ಮುಂದೆಲ್ಲ ಒಳ್ಳೇ ನೆಲ. ಉಬ್ಬೋ ಮಣ್ಣೂ ಅಲ್ಲ. ಮನೇನ ರಸ್ತೆ ಕಡೆ ಎಳ್ಕೊಳ್ಳಿ, ಸಾಧಾರಣ ಅಡಿಪಾಯ ಸಾಕು. ಹಿತ್ತಲಲ್ಲಿ ಗೋಡೆ ಏಳಿಸ್ಬೇಡಿ. ಗಿಡ ಹಾಕಿ, ಚೆನ್ನಾಗಿ ಬರತ್ತೆ."

ಅತ್ತೆ ಮುಂದಕ್ಕೆ ಬಗ್ಗಿದರು.

"ಮುಂದೆ ಯಾವತ್ತಾದ್ರೂ ಮೇಲೊಂದು ಮಹಡಿ ಎತ್ತಬಹುದಾ?"

"ಧಾರಾಳವಾಗಿ."

"ಅಮ್ಮ, ಮೊದ್ಲು ಕೆಳಗಿಂದು ಆಗ್ಲಿ!" ಎಂದ ಗಂಡ. ಅಲ್ಲಿಯವರೆಗೆ ನಗದಿದ್ದ ಎಂಜಿನಿಯರ್ ನಕ್ಕುಬಿಟ್ಟರು.

ಹೊರಗೆ ಮೆಟ್ಟಿಲಿಳಿಯುವಾಗ ಸೊಸೆ ಗೋಡೆ ಹಿಡಿದು ನಿಂತಳು. ಅಳು ಬಂತು, ಜೊತೆಗೇ ನಗುವೂ ಬಂತು. ಗಂಡ ಏನು ಮಾಡಬೇಕೆಂದು ತೋಚದೆ ಅವಳ ಕೈಚೀಲ ಹಿಡಿದುಕೊಂಡ. ಆಮೇಲೆ, "ನನಗೆ ಹಸಿವಾಗ್ತಿದೆ," ಎಂದಳು. ಎಷ್ಟೋ ದಿನದ ಮೇಲೆ ನಿಜವಾಗಿಯೂ ಹಸಿವಾಗಿತ್ತು.

ನಕ್ಷೆ ಬದಲಾಯಿತು. ಅಡುಗೆಮನೆ ಪಕ್ಕಕ್ಕೆ ಸರಿಯಿತು, ಹೊಲಿಗೆಯ ಕೋಣೆ ಮೈದಾನದ ಕಡೆಗೆ ಬಂತು. ಪಾಯ ತೋಡಿದ ದಿನ ಎಂಜಿನಿಯರ್ ಬಂದು, ಸಲಾಕೆಯಿಂದ ತಳವನ್ನು ಅಲ್ಲಲ್ಲಿ ಕುಟ್ಟಿ, "ಇನ್ನು ಕಾಂಕ್ರೀಟ್ ಹಾಕ್ಬಹುದು," ಎಂದು ಹೊರಟರು. ಸೊಸೆ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಮೆಲ್ಲಗೆ ಪಾಯದೊಳಗೆ ಇಳಿದಳು. ಕೆಂಪು ನೆಲ ಅಂಗಾಲಿಗೆ ತಣ್ಣಗೆ, ಒರಟಾಗಿ ಒತ್ತಿತು. ಒಂದು ಸಲ ಹಿಮ್ಮಡಿಯಿಂದ ಜೋರಾಗಿ ತುಳಿದಳು. ಅದು ಮಿಸುಕಲಿಲ್ಲ. ಮತ್ತೊಂದು ಸಲ ತುಳಿದಳು.

"ಸಾಕು ಮಾರಾಯ್ತಿ, ಬಾ ಮೇಲೆ," ಎಂದು ಅತ್ತೆ ದಂಡೆಯ ಮೇಲೆ ಬಗ್ಗಿ ಕೈ ಚಾಚಿದರು. "ಅಲ್ಲೇ ಸಂಸಾರ ಹೂಡ್ತೀಯೇನು?"