ಒಂಬತ್ತು ಸಾವಿರ ತೋಟಾ

ಅಕ್ಟೋಬರ್ ತಿಂಗಳ ಆ ಶನಿವಾರ ಬೆಳಿಗ್ಗೆ ತೋಟಾಗಳಿಗೆ ತುಂಬುವ ಸಿಡಿಮದ್ದಿನ ಎಂಟು ಪೌಂಡಿನ ಡಬ್ಬದ ತಳ ಕಂಡಿತು. ಕೊನೆಯ ಹಿಡಿಯನ್ನು ಬಿಳಿ ತಟ್ಟೆಗೆ ಸುರಿದೆ. ಆ ಮದ್ದು ಗಸಗಸೆಯ ಹಾಗೆ ಗುಂಡಗಿರಬೇಕು. ಅದರ ನಡುವೆ ಚಪ್ಪಟೆ ಚೂರುಗಳಿದ್ದವು, ಕರಿ ಕಾಗದವನ್ನು ಸಣ್ಣಗೆ ಕತ್ತರಿಸಿ ಉದುರಿಸಿದ ಹಾಗೆ.

ಚಪ್ಪಟೆ ಮದ್ದು ನನ್ನ ಬಳಿಯೇ ಇನ್ನೊಂದು ಡಬ್ಬದಲ್ಲಿದೆ. ಅದು ಬೇಗ ಉರಿಯುವಂಥದ್ದು. ಹಳೆಯ ರಿವಾಲ್ವರಿನ ತೋಟಾಗಳಿಗೆ ಸ್ವಲ್ಪವೇ ಹಾಕುತ್ತೇನೆ. ಗುಂಡಗಿನ ಮದ್ದಿನ ಅಳತೆಯಲ್ಲಿ ಅದನ್ನು ತುಂಬಿದರೆ ಪಿಸ್ತೂಲು ಹೊಡೆಯುವವನ ಕೈಯಲ್ಲೇ ಸಿಡಿಯಬಹುದು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬ ಇರಬೇಕು ಎನ್ನುವುದು ಈ ಕೆಲಸದ ಮೊದಲ ನಿಯಮ. ಗುರಿ ಹೊಡೆಯುವ ನಮ್ಮ ಕ್ಲಬ್ಬಿನ ಹೊಸಬರಿಗೆ ಅದನ್ನು ಹೇಳಿಕೊಡುವವನು ನಾನೇ. ಆದರೂ ಯಾವುದೋ ಒಂದು ದಿನ, ಕೆಲಸ ಮುಗಿಸಿ, ತೋಟಾ ತುಂಬುವ ಯಂತ್ರದಲ್ಲಿ ಉಳಿದ ಚಪ್ಪಟೆ ಮದ್ದನ್ನು ತಪ್ಪು ಡಬ್ಬಕ್ಕೆ ಸುರಿದಿದ್ದೇನೆ. ಯಾವ ದಿನ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಎಲ್ಲ ದಿನಗಳೂ ಒಂದೇ ಥರ ಇದ್ದವು.

ಮಾರ್ಚ್‌ನಲ್ಲಿ ಕಾಗದದ ಕಾರ್ಖಾನೆ ಮುಚ್ಚಿತು. ಸಂಜೆ ಕಾಲೇಜಿನಲ್ಲಿ ಎರಡು ವರ್ಷ ಓದಿ, ಆ ಕಾರ್ಖಾನೆಯಲ್ಲಿ ಕಾಗದ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಗಿಟ್ಟಿಸಿಕೊಂಡವನು ನಾನು. ಇಪ್ಪತ್ತಾರು ವರ್ಷ ಮಧ್ಯಾಹ್ನ ಎರಡರಿಂದ ಹತ್ತರ ಪಾಳಿ. ಏಪ್ರಿಲ್‌ನಿಂದ ಅದೇ ಎರಡಕ್ಕೆ ನೆಲಮಾಳಿಗೆಗೆ ಇಳಿದು ತೋಟಾ ತುಂಬಲು ಕೂರುತ್ತಿದ್ದೆ. ಚಳಿಗಾಲದ ಹೊತ್ತಿಗೆ ಅಂಗಡಿಗಳಲ್ಲಿ ಒಂದೂ ಸಿಗುವುದಿಲ್ಲ ಎಂದು ಕ್ಲಬ್ಬಿನಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ. ಸಿಗುತ್ತದೋ ಇಲ್ಲವೋ ಎಂದು ಅಂಗಡಿಗೆ ಹೋಗಿ ನೋಡಿದವನಲ್ಲ. ಗುರಿ ಹೊಡೆಯಲು ಹೋಗಿಯೂ ನಾಲ್ಕು ತಿಂಗಳಾಗಿತ್ತು. ಈಗ ಒಟ್ಟು ಒಂಬತ್ತು ಸಾವಿರ ತುಂಬಿಯಾಗಿತ್ತು, ಎಲ್ಲವೂ ಆ ಒಂದೇ ಡಬ್ಬದ ಮದ್ದು.

ಅದರಲ್ಲಿ ಸಾವಿರದೈನೂರನ್ನು ಡೆಲ್ಬರ್ಟ್‌ಗೆ ಕೊಟ್ಟಿದ್ದೆ, ಉಳಿದವು ನೆಲಮಾಳಿಗೆಯ ಗೋಡೆಯುದ್ದಕ್ಕೂ ಡಬ್ಬಗಳಲ್ಲಿದ್ದವು. ಡೆಲ್ಬರ್ಟ್ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನವನು. ಆ ಬೆಳಿಗ್ಗೆ ಅವನು ಕ್ಲಬ್ಬಿನಲ್ಲಿ ಉಕ್ಕಿನ ತಟ್ಟೆಗಳನ್ನು ಗುಂಡು ಹೊಡೆದು ಬೀಳಿಸುವ ಸ್ಪರ್ಧೆಯಲ್ಲಿದ್ದ.

ಫೋನ್ ಮಾಡಿದೆ. ಎತ್ತಲಿಲ್ಲ. ಗುಂಡಿನ ಸದ್ದಿಗೆ ಕಿವಿ ಮುಚ್ಚಿಕೊಂಡಿರುತ್ತಾನೆ.

"ಎಲ್ಲಿಗೆ ಹೊರಟೆ?" ಎಂದಳು ನನ್ನ ಹೆಂಡತಿ ವಾನಿ.

"ಕ್ಲಬ್ಬಿಗೆ."

"ಅಬ್ಬಾ, ಕೊನೆಗೂ ಬಿಸಿಲು ಕಂಡ್ಯಲ್ಲ! ಬರ್ತಾ ಹಾಲು ತಗೊಂಡು ಬಾ."

ಹೂಂ ಎಂದೆ.

ಹನ್ನೊಂದು ಮೈಲಿ. ದಾರಿಯಲ್ಲಿ ಏನು ಯೋಚಿಸಿದೆನೋ ಹೇಳಲಾರೆ. ಕಟಾವಾದ ಜೋಳದ ಹೊಲಗಳು, ಮುಚ್ಚಿದ ಕಾರ್ಖಾನೆಯ ಬೇಲಿ, ಎಲ್ಲವನ್ನೂ ನೋಡಿಕೊಂಡು ಹೋದೆ.

ನಾನು ಕಾರಿನಿಂದ ಇಳಿಯುವಾಗ ಗುಂಡು ಹೊಡೆಯುವ ಗೆರೆಯ ಮೇಲೆ ಡೆಲ್ಬರ್ಟ್‌ನೇ ನಿಂತಿದ್ದ. ಅವನ ಹಿಂದೆ ಸ್ಪರ್ಧಿಗಳ ಸಮಯ ಅಳೆಯುವ ಯೂನಿಸ್. ಅಲ್ಲಿ ಅಪಾಯ ಕಂಡರೆ ಯಾರು ಬೇಕಾದರೂ "ನಿಲ್ಲಿಸಿ" ಎಂದು ಕೂಗಬಹುದು. ಕೂಗಿದವರು ಯಾರೇ ಆಗಲಿ, ಎಲ್ಲರೂ ನಿಲ್ಲಿಸಲೇಬೇಕು. ಕ್ಲಬ್ಬಿಗೆ ಸೇರಿದ ಹತ್ತೊಂಬತ್ತು ವರ್ಷದಲ್ಲಿ ನಾನು ಒಮ್ಮೆಯೂ ಕೂಗಿರಲಿಲ್ಲ. ನೋಡುವವರಿಗೆ ಕಟ್ಟಿದ ಹಗ್ಗದ ಹಿಂದೆ ನಿಂತು, ಆ ಚೂರುಗಳು ಕೊನೆಯ ಹಿಡಿಯಲ್ಲಿ ಮಾತ್ರ ಇದ್ದಿರಬಹುದಲ್ಲವೇ ಎಂದುಕೊಂಡೆ. ಡೆಲ್ಬರ್ಟ್ ಐದು ತಟ್ಟೆ ಬೀಳಿಸಿದ. ಪ್ರತಿಯೊಂದು ಸದ್ದೂ ಸರಿಯಾಗಿತ್ತು. ಅವನು ಪಿಸ್ತೂಲಿನಿಂದ ಖಾಲಿ ಮ್ಯಾಗಜಿನ್ ಉದುರಿಸಿ ತೋಟಾ ತುಂಬಿದ ಇನ್ನೊಂದನ್ನು ಸಿಕ್ಕಿಸಿದ.

"ನಿಲ್ಲಿಸಿ," ಎಂದೆ. ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿದೆ.

ಎಲ್ಲರೂ ತಿರುಗಿದರು. ಡೆಲ್ಬರ್ಟ್ ಪಿಸ್ತೂಲು ಖಾಲಿ ಮಾಡಿ ಕೆಳಗಿಟ್ಟ.

"ಏನಾಯ್ತು ಆರ್ಡೆನ್? ಕರಡಿ ಬಂತಾ?" ಎಂದ.

"ನಾನು ಕೊಟ್ಟ ತೋಟಾ ಹೊಡೀಬೇಡ. ಮದ್ದು ಬೆರಕೆ ಆಗಿದೆ ಅನ್ಸುತ್ತೆ."

"ಅನ್ಸುತ್ತಾ?" ಎಂದಳು ಯೂನಿಸ್.

"ಡಬ್ಬದ ತಳದಲ್ಲಿ ಚಪ್ಪಟೇದು ಸಿಕ್ತು."

"ಬೆಳಿಗ್ಗೆಯಿಂದ ಎಂಬತ್ತು ಹೊಡೆದಿದೀನಿ ಮಾರಾಯ, ಬೆಣ್ಣೆ ಥರ ಹೋಗ್ತಿವೆ," ಎಂದು ಡೆಲ್ಬರ್ಟ್ ಉಳಿದವರ ಕಡೆ ತಿರುಗಿದ. "ಈ ಮನುಷ್ಯ ಒಲೆ ಆರಿಸಿದೀನಾ ಅಂತ ನೋಡೋಕೆ ಅರ್ಧ ದಾರಿಯಿಂದ ವಾಪಸ್ ಹೋಗೋನು ಕಣ್ರೋ!"

ನಕ್ಕರು. ಅದು ಸುಳ್ಳಲ್ಲ.

"ಎರಡನೇ ಸ್ಥಾನದಲ್ಲಿದೀನಿ ಆರ್ಡೆನ್. ಇನ್ನೊಂದೇ ಸುತ್ತು. ತೂಕ ಹಾಕಿ ನೋಡಿದ್ರೆ ಆಗಲ್ವಾ?"

"ತೂಕದಲ್ಲಿ ಗೊತ್ತಾಗಲ್ಲ. ಒಡೆದೇ ನೋಡ್ಬೇಕು."

"ಏನೂ ಇರ್ಲಿಲ್ಲ ಅಂದ್ರೆ?"

"ಏನೂ ಇರ್ಲಿಲ್ಲ ಅಂತ ಹೇಳ್ತೀನಿ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಟ್ರಕ್ಕಿನಿಂದ ತೋಟಾ ತುಂಬಿದ ಕಬ್ಬಿಣದ ಡಬ್ಬ ಎರಡನ್ನೂ ತಂದು ನನ್ನ ಕಾಲ ಬಳಿ ಇಟ್ಟ, ಸ್ವಲ್ಪ ಜೋರಾಗಿಯೇ. ಯೂನಿಸ್ ಸ್ಪರ್ಧೆಯ ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಗೀಟು ಎಳೆದಳು.

ಮನೆಗೆ ಬಂದು ಎರಡು ಗಂಟೆಗೆ ಕೂತೆ. ಸುತ್ತಿಗೆಯಂಥ ಪ್ಲಾಸ್ಟಿಕ್ ಸಲಕರಣೆ ಒಂದಿದೆ. ತೋಟಾವನ್ನು ಅದರ ತಲೆಯೊಳಗೆ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದರೆ ಗುಂಡು ಕಳಚಿ, ಮದ್ದು ಉದುರುತ್ತದೆ. ಒಂದಕ್ಕೆ ಮೂರು ಏಟು. ಡೆಲ್ಬರ್ಟ್‌ನ ಡಬ್ಬದಿಂದಲೇ ಶುರು ಮಾಡಿದೆ. ಗುಂಡಗಿನದು. ಗುಂಡಗಿನದು. ಶನಿವಾರ ಇನ್ನೂರ ನಲವತ್ತು, ಭಾನುವಾರ ಮುನ್ನೂರು. ಎಲ್ಲವೂ ಸರಿಯಾಗಿದ್ದವು. ಸರಿಯಾಗಿದ್ದುದಕ್ಕೆ ಸಮಾಧಾನವಾಗಬೇಕಿತ್ತು, ಸುಮ್ಮನೆ ಅವನ ಸ್ಪರ್ಧೆ ಕೆಡಿಸಿದೆನೆಂದು ನಾಚಿಕೆಯಾದರೂ ಆಗಬೇಕಿತ್ತು. ಎರಡೂ ಆಗಲಿಲ್ಲ. ತೋಳು ಮಾತ್ರ ನೋಯುತ್ತಿತ್ತು.

"ಹಾಲು ತರಲಿಲ್ಲ ನೀನು," ಎಂದಳು ವಾನಿ ಮೆಟ್ಟಿಲ ಮೇಲಿನಿಂದ.

ಸೋಮವಾರ ನಾಲ್ಕರ ಹೊತ್ತಿಗೆ ಒಡೆದ ಒಂದರಿಂದ ತಟ್ಟೆಗೆ ಬಿದ್ದದ್ದೆಲ್ಲ ಚಪ್ಪಟೆ.

ಡೆಲ್ಬರ್ಟ್‌ಗೆ ಫೋನ್ ಮಾಡಿದೆ. ಕಾಲು ಗಂಟೆಯಲ್ಲಿ ಬಂದ. ಟೋಪಿ ತೆಗೆಯದೆ ದೀಪದ ಕೆಳಗೆ ತಟ್ಟೆಯನ್ನು ನೋಡುತ್ತ ನಿಂತ. ಮುಟ್ಟಲಿಲ್ಲ.

"ಇದು ನನ್ನ ಡಬ್ಬದ್ದೇನಾ?"

"ನಿನ್ನದೇ."

"ಹೊಡೆದಿದ್ರೆ?"

"ಗೊತ್ತಿಲ್ಲ. ಪಿಸ್ತೂಲು ತಡ್ಕೊಂಡ್ರೂ ತಡ್ಕೋಬಹುದಿತ್ತು."

ಅವನು ಗೋಡೆಯ ಕಡೆ ನೋಡಿದ, ಸಾಲುಸಾಲು ಡಬ್ಬಗಳನ್ನು. "ಇಷ್ಟೊಂದು ಯಾಕೆ ತುಂಬಿದೆ ಆರ್ಡೆನ್?"

ಚಳಿಗಾಲಕ್ಕೆ ಸಿಗುವುದಿಲ್ಲವಂತೆ ಎಂದೆ.

"ಸಿಗುತ್ತೆ," ಎಂದ. "ನಿನ್ನೆ ನೋಡ್ದೆ. ರಾಶಿ ಹಾಕಿದಾರೆ." ಮೆಟ್ಟಿಲ ಕಡೆ ತಿರುಗಿ, "ನಾನು ಇನ್ಮೇಲೆ ಅಂಗಡೀಲೇ ತಗೋತೀನಿ. ಬೇಜಾರಿಲ್ಲ ತಾನೇ?"

"ಇಲ್ಲ," ಎಂದೆ. ನಿಜ ಹೇಳಿದೆನೇ ಎಂದು ಆಮೇಲೆ ಹುಡುಕಿ ನೋಡಿದೆ. ಬೇಜಾರು ಎಲ್ಲೂ ಸಿಗಲಿಲ್ಲ.

ಅವನು ಹೋದ ಮೇಲೆ ಮುಂದಿನದನ್ನು ಎತ್ತಿಕೊಂಡೆ. ಎಲ್ಲ ಮುಗಿಯುವ ಹೊತ್ತಿಗೆ ಹಿಮ ಬಿದ್ದಿತ್ತು. ಚಪ್ಪಟೆ ಮದ್ದಿನವು ಅವನ ಡಬ್ಬಗಳಲ್ಲಿ ಒಟ್ಟು ಹದಿನೇಳು ಸಿಕ್ಕವು, ಗೋಡೆಯ ಸಾಲಿನಲ್ಲಿ ನಾಲ್ಕು. ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ, ಮೂರನೆಯ ದಿನ ಫೋನ್ ಮಾಡಿ ಹೇಳಿದೆ.

"ಹದಿನೇಳಾ," ಎಂದ ಡೆಲ್ಬರ್ಟ್. ಆಮೇಲೆ, "ಸರಿ."

ಅವನ ಮನೆಯ ಟೀವಿಯಲ್ಲಿ ಫುಟ್‌ಬಾಲ್ ನಡೆಯುತ್ತಿತ್ತು. ಯಾರು ಗೆಲ್ಲುತ್ತಿದ್ದಾರೆ ಎಂದು ಕೇಳಿದೆ. ಹೇಳಿದ.